ಅಕ್ಕನ ಎರಡು ನಿಮಿಷ

ಫೋನು ಬಂದಾಗ ನಾನು ಶಹಾಪುರದ ನನ್ನ ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳನ್ನು ಬಿಸಿಯೂಟಕ್ಕೆ ಸಾಲು ನಿಲ್ಲಿಸುತ್ತಿದ್ದೆ. ಪರದೇಶದ ನಂಬರು. ಆದರೆ ಅಕ್ಕ ಕೆಲಸಕ್ಕಿದ್ದ ಮನೆಯದಲ್ಲ. ಎತ್ತಿದರೆ ಹಿಂದೆ ಹೆಂಗಸರ ಗದ್ದಲ, ಅದರ ನಡುವೆ ಅಕ್ಕನ ದನಿ.

"ತಂಗೀ, ಗಾಬರಿ ಆಗಬ್ಯಾಡ. ಪೊಲೀಸ್ರು ಹಿಡದಾರ. ಇದು ಜೇಲ್ ಅಲ್ಲಂತ. ಆದ್ರ ಬಾಗಲಕ್ಕ ಹೊರಗಿಂದ ಕೀಲಿ ಹಾಕತಾರ."

"ಏನ್ ಮಾಡಿದಿ ಅಕ್ಕಾ?"

"ಏನೂ ಮಾಡಿಲ್ಲ. ನಡಕೋತ ಹೊಂಟಿದ್ದೆ."

ಅಷ್ಟರಲ್ಲಿ ಫೋನು ಕಟ್ಟಾಯಿತು. ತಿರುಗಿ ಹಚ್ಚಿದರೆ ಹೋಗಲಿಲ್ಲ. ಮಕ್ಕಳು ತಟ್ಟೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದವು.

ನಮ್ಮದು ಸುರಪುರದ ಹತ್ತಿರದ ದೇವಾಪುರ. ಅಪ್ಪ, ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿ, ಮೆಣಸಿನಕಾಯಿ ಬಿಡಿಸಿ ನಮ್ಮನ್ನು ಬೆಳೆಸಿದರು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಎಂಟನೇ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಹೊಲಕ್ಕೆ ಹೋಗಿದ್ದರಿಂದ ನಾನು ಓದಿ ಟೀಚರಾದೆ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ಅವಳನ್ನು ಬಿಟ್ಟ. ತವರಿಗೆ ಬಂದವಳು ಯಾರ ಮೇಲೂ ಭಾರವಾಗಿ ಕೂಡಲು ಒಪ್ಪಲಿಲ್ಲ. ಹೈದರಾಬಾದಿನ ಒಬ್ಬ ಏಜೆಂಟನ ಮಾತು ಕೇಳಿ ಕೊಲ್ಲಿಯ ಒಂದು ದೇಶಕ್ಕೆ ಮನೆಗೆಲಸಕ್ಕೆ ಹೋಗುತ್ತೇನೆಂದಳು. ಮೂವತ್ತು ತುಂಬದ ಹೆಣ್ಣುಮಕ್ಕಳನ್ನು ಅಲ್ಲಿಗೆ ಆ ಕೆಲಸಕ್ಕೆ ಕಳಿಸುವಂತಿಲ್ಲ. ಅಕ್ಕನಿಗೆ ಆಗ ಇಪ್ಪತ್ತಾರು. ಏಜೆಂಟ ಎಲ್ಲಿಂದಲೋ ಒಂದು ಸರ್ಟಿಫಿಕೇಟು ತಂದು ಪಾಸ್‌ಪೋರ್ಟಿನಲ್ಲಿ ಅವಳನ್ನು ಐದು ವರ್ಷ ದೊಡ್ಡವಳನ್ನಾಗಿ ಮಾಡಿದ. ನನಗೆ ಅದು ಗೊತ್ತಿತ್ತು. ನಾನು ಸುಮ್ಮನಿದ್ದೆ.

ಎರಡು ವರ್ಷದ ಕರಾರು ಮುಗಿದರೂ ಆ ಮನೆಯವರು ಅವಳನ್ನು ಬಿಡಲಿಲ್ಲ. ಮೂರನೇ ವರ್ಷ ಅಪ್ಪ ತೀರಿಕೊಂಡ. ಅಕ್ಕನಿಗೆ ಮಣ್ಣಿಗೂ ಬರಲಾಗಲಿಲ್ಲ. ಪಾಸ್‌ಪೋರ್ಟು ಯಜಮಾನಿಯ ಕಪಾಟಿನಲ್ಲಿತ್ತು. ಕೇಳಿದಾಗಲೆಲ್ಲ "ಮುಂದಿನ ತಿಂಗಳು" ಎನ್ನುತ್ತಿದ್ದಳಂತೆ. ಒಂದು ಮುಂಜಾನೆ ಕಸದ ಚೀಲ ಹಿಡಿದು ಹೊರಗೆ ಬಂದ ಅಕ್ಕ, ಚೀಲವನ್ನು ತೊಟ್ಟಿಗೆ ಹಾಕಿ ತಿರುಗಿ ಒಳಗೆ ಹೋಗದೆ ಹಾಗೇ ನಡೆದುಬಿಟ್ಟಳು. ನಮ್ಮ ದೇಶದ ರಾಯಭಾರ ಕಚೇರಿ ಎಲ್ಲಿದೆ ಎಂದು ಕೇಳುತ್ತ ಮಧ್ಯಾಹ್ನದವರೆಗೆ ನಡೆದಳು. ದಾರಿಯಲ್ಲಿ ಪೊಲೀಸರು ತಡೆದು ಕಾಗದ ಕೇಳಿದರು. ಅವಳ ಬಳಿ ಇರಲಿಲ್ಲ. ಕೆಲಸದವಳು ಓಡಿಹೋಗಿದ್ದಾಳೆಂದು ಆ ಮನೆಯವರು ಆಗಲೇ ದೂರು ಕೊಟ್ಟಿದ್ದರು. ದೇಶದಿಂದ ಹೊರಗೆ ಕಳಿಸಬೇಕಾದ ಹೆಂಗಸರನ್ನು ಇಡುವ ದೊಡ್ಡ ಹಾಲಿಗೆ ಅವಳನ್ನು ಹಾಕಿದರು. ಇದನ್ನೆಲ್ಲ ನಾನು ತುಂಡು ತುಂಡಾಗಿ ತಿಳಿದುಕೊಂಡದ್ದು, ಏಕೆಂದರೆ ವಾರಕ್ಕೊಮ್ಮೆ, ಗುರುವಾರ, ಒಬ್ಬೊಬ್ಬರಿಗೆ ಎರಡೇ ನಿಮಿಷ ಫೋನು.

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ರಾಯಭಾರ ಕಚೇರಿಯವರು ಇವಳು ನಮ್ಮ ದೇಶದವಳೇ ಎಂದು ಖಚಿತ ಮಾಡಿಕೊಂಡ ಮೇಲೆ ಊರಿಗೆ ಮರಳುವ ಪರವಾನಗಿ ಕೊಡುತ್ತಾರೆ. ಅವಳ ಗುರುತು ವಿಚಾರಿಸುವ ಅವರ ಪತ್ರ ಯಾದಗಿರಿಯ ಜಿಲ್ಲಾ ಕಚೇರಿಗೆ ಬಂದಿದೆಯೇ ಎಂದು ಕೇಳಲು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಬಸ್ಸಿನಲ್ಲಿ ಸೀಟಿದ್ದರೂ ಕೂಡಲಾಗುತ್ತಿರಲಿಲ್ಲ, ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಭೀಮೆಯ ಸೇತುವೆ ಬಂದರೆ ಇಳಿಯುವ ಜಾಗ ಬಂದಂತೆ ಮೈ ಮುಂದಕ್ಕೆ ಹೋಗುತ್ತಿತ್ತು. ತರಗತಿಯಲ್ಲಿ ಮಗ್ಗಿ ಹೇಳಿಸುವಾಗ ಕೈಯಲ್ಲಿನ ಸೀಮೆಸುಣ್ಣ ಪುಡಿಯಾಗಿದ್ದು ನನಗೇ ತಿಳಿಯುತ್ತಿರಲಿಲ್ಲ.

ಸುರಪುರದ ಹಳೆಯ ಶಾಲೆಯಿಂದ ಅಕ್ಕನ ಜನ್ಮ ದಿನಾಂಕದ ದಾಖಲೆ ತಂದು ಕೊಟ್ಟ ದಿನ ಯಾದಗಿರಿಯ ಅಧಿಕಾರಿ ಅದನ್ನೂ ಪಾಸ್‌ಪೋರ್ಟಿನ ನಕಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಟೀಚರಮ್ಮಾ, ಪಾಸ್‌ಪೋರ್ಟನ್ಯಾಗಿನಾಕಿ ಬ್ಯಾರೆ, ಸಾಲಿ ರಜಿಸ್ಟರದಾಗಿನಾಕಿ ಬ್ಯಾರೆ ಆಗ್ಯಾಳಲ್ರಿ. ಇಬ್ಬರಾಗ ನಿಮ್ಮಕ್ಕ ಯಾರು?"

"ಇಬ್ಬರೂ ಆಕೀನ ರಿ."

"ಹಂಗಂತ ಬರದು ಕೊಡ್ರಿ. ಬರದ್ರ ನಾಳೆ ಆಕಿ ಮ್ಯಾಲೆ ಕೇಸ್ ಆದ್ರೂ ಆಗಬಹುದು. ಬರೀಲಿಲ್ಲಂದ್ರ ಈ ಫೈಲ್ ಇಲ್ಲೇ ಕೂಡತೈತಿ. ವಿಚಾರ ಮಾಡ್ರಿ."

ವರಾಂಡದಲ್ಲಿ ಹೋಗಿ ಬಂದು ಹೋಗಿ ಬಂದು ಮಾಡಿದೆ. ಕೊನೆಗೆ ಅಲ್ಲೇ ಕಟ್ಟೆಯ ಮೇಲೆ ಕೂತು ವಯಸ್ಸು ಬದಲಿಸಿದ್ದು ಏಜೆಂಟನೆಂದೂ, ನನಗದು ಗೊತ್ತಿತ್ತೆಂದೂ ಬರೆದು ಸಹಿ ಮಾಡಿದೆ. ಹೆದರಿಕೆ ಹೋಗಲಿಲ್ಲ. ಆದರೂ ಕಾಗದವನ್ನು ಒಳಗೆ ಒಯ್ದು ಅವರ ಮೇಜಿನ ಮೇಲಿಟ್ಟೆ.

ಗುರುವಾರಗಳು ಮಾತ್ರ ನನ್ನನ್ನು ಸುಟ್ಟವು. ಅಕ್ಕ ತನ್ನ ಎರಡು ನಿಮಿಷದಲ್ಲಿ ತನ್ನ ಸುದ್ದಿಯನ್ನೇ ಹೇಳುತ್ತಿರಲಿಲ್ಲ.

"ಬರಕೋ. ಹತ್ತಿಕುಣಿಯಾಕಿ ಒಬ್ಬಾಕಿ ಅದಾಳ. ನಾಲ್ಕು ತಿಂಗಳಾತು ಬಂದು. ಅಣ್ಣಗ ಹಚ್ಚಿದ್ರ ಎತ್ತವಲ್ಲ. ಆಕಿ ಅವ್ವಗ ಹೇಳು, ಜೀವಂತ ಅದಾಳಂತ. ಇನ್ನೊಬ್ಬಾಕಿ ನೇಪಾಳದಾಕಿ, ನಂಬರ್ ಬರಕೋ..."

"ನಿನ್ನ ಸುದ್ದಿ ಹೇಳ್ ಅಕ್ಕಾ! ಇಲ್ಲಿ ಹಗಲೂ ರಾತ್ರಿ ನಾ ಓಡಾಡಿ ಸಾಯಾಕತ್ತೀನಿ!"

"ನನಗ ನೀ ಅದೀ," ಎಂದಳು ಅಕ್ಕ. "ಇವರಿಗೆ ಯಾರದಾರ? ಬರಕೊಂಡಿ ಇಲ್ಲೋ?"

ಆ ವಾರ ಸಿಟ್ಟಿನಿಂದ ನಾನು ಏನೂ ಮಾಡಲಿಲ್ಲ. ಮುಂದಿನ ಗುರುವಾರ ಅಕ್ಕ ಮೊದಲು ಕೇಳಿದ್ದೇ "ಹತ್ತಿಕುಣಿಗೆ ಹೋಗಿದ್ದೇನು?" ಎಂದು. ಸುಳ್ಳು ಹೇಳಲಾಗಲಿಲ್ಲ. ಮರುದಿನವೇ ಯಾದಗಿರಿಯ ಕೆಲಸ ಮುಗಿಸಿ ಅಲ್ಲಿಗೆ ಹೋದೆ.

ಕುರಿ ಸಾಕುವ ಮನೆ. ತಾಯಿ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮಗಳ ಹೆಸರು ಹೇಳಿದ ಕೂಡಲೇ ಅಣ್ಣ ಒಳಗಿಂದ ಬಂದು ಅಡ್ಡ ನಿಂತ.

"ಕೆಲಸದ ಮನಿ ಬಿಟ್ಟು ಓಡಿಹೋದಾಕಿ ಸುದ್ದಿ ನಮಗ್ಯಾಕ್ರಿ? ಏಜೆಂಟ ಎಲ್ಲಾ ಹೇಳ್ಯಾನ."

"ಓಡಿ ಹೋಗಿಲ್ರಿ. ಹೊಡತ ತಾಳಲಾರದ ಪೊಲೀಸ್ ಸ್ಟೇಷನ್ನಿಗೆ ತಾನ ಹೋಗ್ಯಾಳ. ಅವರು ಆಕೀನ ಒಳಗ ಹಾಕ್ಯಾರ."

ತಾಯಿ ಸೊಪ್ಪಿನ ಕಟ್ಟು ಕೆಳಗಿಟ್ಟು ಎದ್ದು ಬಂದಳು. ಮಗನನ್ನು ಮೊಣಕೈಯಿಂದ ಸರಿಸಿದಳು. "ಜೀವ ಐತೇನವ್ವಾ?" ಎಂದಳು. ಇದೆ ಎಂದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಮಗಳ ರೇಷನ್ ಕಾರ್ಡು, ಆಧಾರ್, ಒಂದು ಮದುವೆಯ ಫೋಟೋ ಎಲ್ಲವನ್ನೂ ಸೆರಗಿನಲ್ಲಿ ಸುತ್ತಿ ತಂದು ನನ್ನ ಜೊತೆಗೇ ಯಾದಗಿರಿಗೆ ಹೊರಟುಬಿಟ್ಟಳು. "ಆ ಆಫೀಸ್ ಯಾವದೈತಿ ತೋರಸು ನಡಿ." ಬಸ್ಸು ಬರುವವರೆಗೂ ಅವಳೂ ನಿಂತೇ ಇದ್ದಳು.

ಪೊಲೀಸರೊಬ್ಬರು ವಿಚಾರಣೆಗೆಂದು ದೇವಾಪುರಕ್ಕೆ ಬಂದರು. ಅವ್ವನನ್ನು, ಓಣಿಯವರನ್ನು ಕೇಳಿ ಬರೆದುಕೊಂಡರು. ಗುರುತಿನ ಮಚ್ಚೆ ಏನಾದರೂ ಇದೆಯೇ ಎಂದಾಗ ಅವ್ವ, "ಎಡಗಾಲಿಗೆ ಕುಡಗೋಲ ಬಡದ ಕಲೆ ಐತ್ರಿ. ಅಲ್ಲಿನವರಿಗೆ ನೋಡಂತ ಹೇಳ್ರಿ. ಆದ್ರ ಹೆಣ್ಣಮಕ್ಕಳೇ ನೋಡಬೇಕು," ಎಂದಳು. ಅವರು ಅದನ್ನೂ ಹಾಗೆಯೇ ಬರೆದರು.

ಐದನೇ ತಿಂಗಳಿಗೆ ಅಕ್ಕನ ಪರವಾನಗಿ ಬಂತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಕಾಲಿಗೆ ಬೇರೆ ಯಾರದೋ ದೊಡ್ಡ ಚಪ್ಪಲಿ. ಅವ್ವ ಅಪ್ಪಿಕೊಂಡು ಅತ್ತರೂ ಅವಳ ಕಣ್ಣು ಜನರ ಗುಂಪಿನ ಮೇಲೆಯೇ ಓಡಾಡುತ್ತಿತ್ತು. "ಹತ್ತಿಕುಣಿಯಾಕೀನ ಬಿಟ್ಟು ಬಂದ್ನಲ್ಲ," ಎಂದಳು. ಮೂರನೇ ದಿನ ಅವಳೇ ಹತ್ತಿಕುಣಿಗೆ ಹೋಗಿ ಆ ತಾಯಿಯ ಜೊತೆ ಒಂದು ಹಗಲು ಕಳೆದು ಬಂದಳು.

ಮನೆಯಲ್ಲಿ ಬಾಗಿಲು ಹಾಕಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಸ್ನಾನಕ್ಕೆ ಹೋದರೂ ಅವ್ವ ಹೊರಗೆ ಸೀರೆ ಅಡ್ಡ ಹಿಡಿದು ನಿಲ್ಲಬೇಕು. ಉಣ್ಣುವಾಗ ತಟ್ಟೆ ಹಿಡಿದು ಅಂಗಳದಲ್ಲಿ ತಿರುಗುತ್ತಿದ್ದಳು. ವಯಸ್ಸಿನ ವಿಷಯದಲ್ಲಿ ಹೇಳಿಕೆ ಕೊಡಲು ಯಾದಗಿರಿಗೆ ಕರೆದಾಗ ನಾನೂ ಹೋದೆ. ಎಲ್ಲ ಬರೆದಾದ ಮೇಲೆ ಅಧಿಕಾರಿ, "ಕೇಸ್ ಆಗೂದಿಲ್ಲ ಬಿಡವ್ವಾ, ಮೋಸ ಹೋದಾಕಿ ನೀ. ಆರಾಮಾಗಿ ಮನಿಗಿ ಹೋಗು," ಎಂದರು. ಅಕ್ಕ ಏಳಲಿಲ್ಲ. ಊರಿಗೆ ಬಂದ ಮೇಲೆ ಅವಳು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು.

"ಸಾಹೇಬ್ರ, ಅಲ್ಲಿ ನನ್ನ ಐದು ತಿಂಗಳು ಒಳಗ ಇಟ್ಟಿದ್ರಲ್ಲ. ಯಾವ ತಪ್ಪಿಗೆ ಅಂತ ಅವರನ್ನ ಕೇಳಿ ಒಂದು ಕಾಗದ ತರಸಿ ಕೊಡ್ರಿ. ಯಾರೂ ಒಂದಿನಾನೂ ನನಗ ಹೇಳಲಿಲ್ಲ. ಯಾವ ಜಡ್ಜ್‌ನ ಮುಂದನೂ ನಿಲ್ಲಸಲಿಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಅದು ನಮ್ಮ ಕೈಯಾಗ ಇಲ್ಲವ್ವಾ," ಎಂದರು ಮೆಲ್ಲಗೆ.

"ಅರ್ಜಿ ತಗೋರಿ ಹಂಗಾರ."

ತೆಗೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ. ಹತ್ತಿಕುಣಿಯವಳು ಜೋಳದ ರಾಶಿಯ ಹೊತ್ತಿಗೆ ಬಂದಳು. ಅಣ್ಣ ಮಾತಾಡಿಸಲಿಲ್ಲ, ತಾಯಿ ಕರೆದುಕೊಂಡು ಹೋದಳು. ನೇಪಾಳದವಳ ಮನೆಯ ನಂಬರು ಇವತ್ತಿಗೂ ಹತ್ತುವುದಿಲ್ಲ.

ಈಗ ಅಕ್ಕ ಶಹಾಪುರದಲ್ಲಿ ನನ್ನ ಜೊತೆಗಿದ್ದು ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ. ಮೊನ್ನೆ ಕೊಡೇಕಲ್ ಕಡೆಯ ಒಬ್ಬ ಹೆಂಗಸು ಅವಳನ್ನು ಹುಡುಕಿಕೊಂಡು ಬಂದಿದ್ದಳು, ಏಜೆಂಟನೊಬ್ಬ ಕರೆಯುತ್ತಿದ್ದಾನೆ, ಹೋಗಲೋ ಬೇಡವೋ ಎಂದು ಕೇಳಲು. ಬೇಡವೆನ್ನುತ್ತಾಳೆಂದು ನಾನು ಕಾದೆ. ಅಕ್ಕ ಹಾಗೆನ್ನಲಿಲ್ಲ.

"ಹೊಟ್ಟಿ ನಿಂದು, ನಾ ಬ್ಯಾಡ ಅನ್ನಾಕ ಯಾರು? ಆದ್ರ ವಯಸ್ಸು ಖರೇ ಬರಸು. ಎಲ್ಲಾ ಕಾಗದದ ಝೆರಾಕ್ಸ್ ಮನ್ಯಾಗ ಇಟ್ಟು ಹೋಗು. ಪಾಸ್‌ಪೋರ್ಟ್ ಯಾರ ಕೈಯಾಗೂ ಕೊಡಬ್ಯಾಡ, ಕಸಗೊಂಡ್ರ ಅವತ್ತ ನನಗ ಫೋನ್ ಹಚ್ಚು."

ಆ ಹೆಂಗಸು ನಂಬರು ಬರೆದುಕೊಂಡಳು. ಅಕ್ಕ ಅವಳನ್ನು ಬಸ್ ಸ್ಟ್ಯಾಂಡಿನವರೆಗೂ ನಡೆದು ಬಿಟ್ಟು ಬಂದಳು.