ಕೊನೆಯವರಿಗೆ ಚಪ್ಪಾಳೆ

ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರನ್ನು ಹುಡುಕಿ ಹುಡುಕಿ ಇಳಿಸುವುದರಲ್ಲೇ ಆಯುಷ್ಯ ಸವೆಸಿದ ಮನುಷ್ಯ, ನಿವೃತ್ತನಾದ ಮೇಲೆ ಊರವರನ್ನೆಲ್ಲ ಟಿಕೆಟ್ ಇಲ್ಲದೆಯೇ ಸುತ್ತಾಡಿಸುತ್ತಾನೆ ಎಂದರೆ ಯಾರು ತಾನೇ ನಂಬುತ್ತಾರೆ? ಆದರೆ ಆದದ್ದು ಅದೇ. ಭಾನುವಾರ ಬೆಳಗಾದರೆ ಸಾಕು, ಕಂಡಕ್ಟರು ಹಳೆಯ ಸೀಟಿಯನ್ನು ಕುತ್ತಿಗೆಗೆ ತಗಲಿಸಿಕೊಂಡು ಯಾವುದಾದರೊಂದು ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಹಾಜರು. ನಗರ ಮುಗಿದು ಬಯಲು ಶುರುವಾಗುವುದೇ ಅಲ್ಲಿ. ಕೆಲಸದಲ್ಲಿದ್ದಾಗ ಆ ಸ್ಟಾಪುಗಳಿಗೆ ಅದೆಷ್ಟೋ ಸಲ ಬಂದು, ಬಸ್ಸು ತಿರುಗಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋದವರು ಅವರು. ರಸ್ತೆಯಾಚೆ ಏನಿದೆ ಎಂದು ಕತ್ತು ಚಾಚಿ ನೋಡಲೂ ಪುರುಸೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ನೋಡಿದರು. ಕೆರೆಯಿತ್ತು, ಹಾಳುಬಿದ್ದ ಇಟ್ಟಿಗೆ ಗೂಡಿತ್ತು, ಸರ್ಕಾರದವರು ಬೇಲಿ ಹಾಕಿ ಮರೆತುಬಿಟ್ಟ ದೊಡ್ಡದೊಂದು ಉದ್ಯಾನವಿತ್ತು, ಅದರ ಬೆನ್ನಿಗೊಂದು ಗುಡ್ಡವಿತ್ತು. ಯಾವುದಕ್ಕೂ ಒಂದು ಕಾಸು ಕೊಡಬೇಕಾಗಿರಲಿಲ್ಲ. ಇಷ್ಟೆಲ್ಲ ಪುಕ್ಕಟೆ ಇಟ್ಟುಕೊಂಡು ಜನ ಭಾನುವಾರ ಮನೆಯಲ್ಲಿ ಬಿದ್ದುಕೊಂಡಿರುತ್ತಾರಲ್ಲ ಎಂದು ಅವರಿಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ನಡಿಗೆಯ ಗುಂಪು ಕಟ್ಟಿದರು.

ಗುಂಪಿನ ಮುಂದೆ ಅವರು ಎಂದೂ ನಡೆದವರಲ್ಲ. ಹಿಂಬಾಗಿಲಿನ ಅಭ್ಯಾಸ, ಬಿಡಬೇಕೆಂದರೂ ಬಿಡದು. ಎಲ್ಲರೂ ಹೊರಟ ಮೇಲೆ ಕಟ್ಟಕಡೆಗೆ ತಾವು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಸೀಟಿ ಕೈಗೆ ಸಿಗದಿದ್ದರೆ, ನಿಲ್ಲಿಸಲು ಗಂಟಲು ಹರಿಯುವಂತೆ "ಹೋಲ್ಡಾನ್!" ಎನ್ನುತ್ತಿದ್ದರು. ಹಾಗಾಗಿ ಗುಂಪಿನವರ ಬಾಯಲ್ಲಿ ಅವರ ಹೆಸರೇ ಹೋಲ್ಡಾನ್ ಆಗಿಹೋಯಿತು.

ಮುಂದೆ ಔಷಧಿ ಅಂಗಡಿಯವರು. ಉದ್ದ ಕಾಲಿನ ಆಸಾಮಿ, ಗಿರಾಕಿ ಕಾಯುತ್ತಿದ್ದಾನೇನೋ ಎಂಬಂತೆ ಬಿರಬಿರನೆ ನಡೆಯುವವರು. ಕೊನೆಗೆ ಬೇಕರಿಯವರು. ತಾವು ಮಾಡಿದ್ದನ್ನು ತಾವೇ ರುಚಿ ನೋಡಿ ನೋಡಿ ಮೈ ಬೆಳೆಸಿದವರು ಅವರು. ಮುಂದಿನವರು ನೆರಳು ಹುಡುಕಿ ಕೂತು, ಫ್ಲಾಸ್ಕಿನ ಚಹಾ ಅರ್ಧ ಮುಗಿಸುವ ಹೊತ್ತಿಗೆ ಬೇಕರಿಯವರು ಏದುಸಿರು ಬಿಡುತ್ತ ಬರುವರು, ಅವರ ಬೆನ್ನಿಗೆ ಕಂಡಕ್ಟರು. ಆಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ಕೊನೆಯವರಿಗೆ ಚಪ್ಪಾಳೆ ಎಂಬ ಈ ಪದ್ಧತಿ ಹಾಕಿಕೊಟ್ಟವರೇ ಕಂಡಕ್ಟರು. ಅದರ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

"ಬೇರೆ ಕಡೆ ನಿಧಾನಸ್ಥರನ್ನ ಬಿಟ್ಟು ಹೋಗ್ತಾರೆ. ನಮ್ಮಲ್ಲಿ ಹಾಗಿಲ್ಲ. ಕಾಯ್ತೀವಿ, ಬಂದ ಮೇಲೆ ಚಪ್ಪಾಳೆ ಹೊಡೀತೀವಿ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಇಷ್ಟು ದೊಡ್ಡ ಮನಸ್ಸಿನ ಮನುಷ್ಯನಿಗೆ ಒಂದೇ ಒಂದು ಕೊರಗು. ಊರೆಲ್ಲ ಹಿಂದೆ ಬಂದರೂ ಕಟ್ಟಿಕೊಂಡ ಹೆಂಡತಿ ಬರುತ್ತಿರಲಿಲ್ಲ.

ಆಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಎರಡನೇ ಮಹಡಿಯ ಮನೆ, ಬೀದಿಗೆ ತೆರೆದ ಕಿಟಕಿ, ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು. ಮಿಷನ್ನಿನ ಸುತ್ತ ಯಾವಾಗಲೂ ಶಾಲಾ ಸಮವಸ್ತ್ರಗಳ ರಾಶಿ. ಆಕೆಗೆ ಹುಟ್ಟಿನಿಂದಲೂ ಒಂದು ಕಾಲು ಗಿಡ್ಡ, ಆ ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡಿದ್ದರು. ಹಾಗಂತ ಮೂಲೆ ಹಿಡಿದವರಲ್ಲ. ಮಾರುಕಟ್ಟೆಗೆ ಹೋಗುವರು, ಮೆಟ್ಟಿಲು ಹತ್ತಿ ತಾರಸಿಯಲ್ಲಿ ಬಟ್ಟೆ ಒಣಹಾಕುವರು, ಗುಂಡಿ ಕೊಡದೆ ಸತಾಯಿಸುವ ಅಂಗಡಿಯವನ ಜೊತೆ ಜಗಳ ತೆಗೆಯುವರು. ಗುಂಪು ಶುರುವಾದ ಮೊದಲ ಭಾನುವಾರ ಗಂಡನ ಜೊತೆ ಉದ್ಯಾನಕ್ಕೂ ಹೋಗಿದ್ದರು. ಅದೇ ಮೊದಲು, ಅದೇ ಕೊನೆ. ಆಮೇಲೆ ಕರೆದಾಗಲೆಲ್ಲ ನೆಪ. ಒಂದು ವಾರ ಕಾಲರು ಹಚ್ಚಬೇಕು, ಒಂದು ವಾರ ಹುಲ್ಲಿನಲ್ಲಿ ಹುಳ ಇರುತ್ತದೆ, ಇನ್ನೊಂದು ವಾರ ಬಿಸಿಲು.

ಕಿಟಕಿಯಿಂದ, ಎದುರು ಮನೆಗಳ ನೀರಿನ ಟ್ಯಾಂಕುಗಳ ಸಂದಿಯಲ್ಲಿ, ಆ ಉದ್ಯಾನದ ಹಿಂದಿನ ಗುಡ್ಡ ಕಾಣುತ್ತಿತ್ತು. ಅದರ ತಲೆಯ ಮೇಲೆ ಹೆಂಡತಿಯನ್ನು ನಿಲ್ಲಿಸಿ, ಇಡೀ ನಗರವನ್ನು ತೋರಿಸಬೇಕು ಎಂಬುದು ಕಂಡಕ್ಟರ ಆಸೆ. ಆಸೆಯೇನು, ಹಟವೇ ಆಗಿತ್ತು.

"ಒಂದ್ಸಲ ಬಾರೇ. ಮೇಲಿಂದ ನೋಡಿದ್ರೆ ನಮ್ಮ ಮನೇನೂ ಕಾಣುತ್ತೆ" ಎನ್ನುತ್ತಿದ್ದರು.

"ನಾನು ದಿನಾ ಇಲ್ಲಿಂದ ಗುಡ್ಡ ನೋಡ್ತಾನೇ ಇದ್ದೀನಲ್ಲ" ಎನ್ನುತ್ತಿದ್ದರು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತ. "ಅದಕ್ಕೆ ನನ್ನ ನೋಡೋ ಆಸೆ ಇದ್ರೆ ಅದೇ ಬರ್ಲಿ."

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ಭಾನುವಾರ ಅದೇ ಗುಡ್ಡದ ಇಳಿಜಾರಿನಲ್ಲಿ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಕಂಡಕ್ಟರ ಕಾಲು ಉಳುಕಿತು. ಏನೂ ಆಗಿಲ್ಲ, ನೀವು ನಡೀರಿ ಎಂದು ಬೇಕರಿಯವರನ್ನು ಬಲವಂತದಿಂದ ಮುಂದೆ ಕಳಿಸಿದರು. ತಾವು ಒಂದು ಕೋಲು ಊರಿಕೊಂಡು, ಹಲ್ಲು ಕಚ್ಚಿ, ಹೆಜ್ಜೆಗೊಂದು ಸಲ ಅಪ್ಪಾ ಅಮ್ಮಾ ಎನ್ನುತ್ತ ಹತ್ತಿದರು. ತಿರುವು ದಾಟಿ ತಲೆ ಎತ್ತಿದರೆ ಮೇಲೆ ಇಡೀ ಗುಂಪು ಸಾಲಾಗಿ ನಿಂತಿದೆ. ಎಲ್ಲರ ಕಣ್ಣೂ ಅವರ ಕಾಲಿನ ಮೇಲೆ. ಚಪ್ಪಾಳೆ ಶುರುವಾಯಿತು. ಅವರು ಹತ್ತುವವರೆಗೂ ನಿಲ್ಲಲಿಲ್ಲ. ಬೇಕರಿಯವರಂತೂ ಇಷ್ಟು ದಿನದ ಸಾಲವನ್ನೆಲ್ಲ ಒಂದೇ ದಿನ ತೀರಿಸುವಂತೆ ತಟ್ಟುತ್ತಿದ್ದರು.

ಕಂಡಕ್ಟರಿಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಕಿವಿ ಬಿಸಿಯಾಯಿತು. ನಗಬೇಕಾಗಿತ್ತು, ನಕ್ಕರು. ಕೂತು ಚಹಾ ಕುಡಿದರು, ಅದರ ರುಚಿ ನಾಲಿಗೆಗೆ ಹತ್ತಲಿಲ್ಲ.

ಮನೆಗೆ ಬಂದಾಗ ಟೈಲರಮ್ಮ ಮಿಷನ್ನು ನಿಲ್ಲಿಸಿದರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಗಂಡನ ಕಾಲನ್ನು ತಮ್ಮ ಮಡಿಲಿಗೆಳೆದುಕೊಂಡು ಶಾಖ ಕೊಡತೊಡಗಿದರು. ಬಾಯಿಗೆ ಬೀಗವಿಲ್ಲದ ಗಂಡ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದು ಕಂಡು ಕೇಳಿದರು.

"ಚಪ್ಪಾಳೆ ಹೊಡೆದ್ರಾ?"

"ಹೂಂ."

"ಮೇಲೆ ಬರೋವರೆಗೂ?"

"ಹೂಂ."

ಟೈಲರಮ್ಮ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಹಾಕಿದರು. "ಶಾಲೇಲಿ ನಮ್ಮನ್ನೆಲ್ಲ ಹೊರಗೆ ಸುತ್ತಾಡೋಕೆ ಕರ್ಕೊಂಡು ಹೋಗಿದ್ರು. ನಾನು ಬರೋವರೆಗೂ ಮೇಷ್ಟ್ರು ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿದ್ರು. ಬಂದ ಮೇಲೆ ಚಪ್ಪಾಳೆ ಹೊಡೆಸಿದ್ರು. ಒಳ್ಳೇ ಮನುಷ್ಯ, ಪಾಪ. ಬೈದಿದ್ರೆ ಮರೆತುಬಿಡ್ತಿದ್ದೆ."

"ಮತ್ತೆ ಆ ಮೊದಲನೇ ಭಾನುವಾರ..." ಎಂದರು ಕಂಡಕ್ಟರು. ಆ ದಿನ ಹಿಂದೆ ಬಿದ್ದ ಹೆಂಡತಿಯನ್ನು ಕಂಡು, ಎಲ್ಲರನ್ನೂ ಎಬ್ಬಿಸಿ, ಪದ್ಧತಿಯ ಮೊಟ್ಟಮೊದಲ ಚಪ್ಪಾಳೆ ಹೊಡೆಸಿದವರು ತಾವೇ. ಆಕೆಗೆ ಖುಷಿಯಾಗಿದೆ ಎಂದೇ ಇಷ್ಟು ಕಾಲ ತಿಳಿದುಕೊಂಡಿದ್ದರು.

"ನೀವೂ ಒಳ್ಳೇ ಮನುಷ್ಯರೇ ಬಿಡಿ" ಎಂದು ಟೈಲರಮ್ಮ ನಕ್ಕುಬಿಟ್ಟರು. "ಅದಕ್ಕೇ ಹೇಳೋಕಾಗ್ಲಿಲ್ಲ."

ಕಂಡಕ್ಟರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕಾಲು ವಾಸಿಯಾದ ಮೇಲೆ ಮೊದಲ ನಡಿಗೆಯಲ್ಲೇ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, ಇನ್ನು ಮೇಲೆ ಚಪ್ಪಾಳೆ ಬಂದ್ ಎಂದು ಸಾರಿದರು. ತಕರಾರು ಬಂದದ್ದು ಬೇಕರಿಯವರಿಂದ.

"ಯಾಕ್ರೀ? ಮನೇಲಂತೂ ನಂಗೆ ಯಾರೂ ಚಪ್ಪಾಳೆ ಹೊಡೆಯಲ್ಲ. ಇಲ್ಲಾದ್ರೂ ಸಿಗ್ತಿತ್ತು."

"ನಿಮಗೆ ಬೇಕಾದ್ರೆ ಬೇರೆ ಯಾವಾಗಲಾದ್ರೂ ಹೊಡೆಯೋಣ, ಬಿಸ್ಕತ್ತು ತಂದಾಗ" ಎಂದು ಅವರನ್ನು ಸಮಾಧಾನಪಡಿಸಿ, ಕಂಡಕ್ಟರು ಎರಡನೆಯದನ್ನೂ ಹೇಳಿದರು. ಇನ್ನು ಮುಂದೆ ಎಲ್ಲರಿಗಿಂತ ನಿಧಾನ ಯಾರೋ ಅವರೇ ಎಲ್ಲರಿಗಿಂತ ಮುಂದೆ. ಅವರನ್ನು ಯಾರೂ ದಾಟುವ ಹಾಗಿಲ್ಲ.

ಔಷಧಿ ಅಂಗಡಿಯವರು ಹುಬ್ಬು ಗಂಟಿಕ್ಕಿದರು. "ಹೀಗಾದ್ರೆ ನಾವು ತಲುಪೋದು ಯಾವಾಗ?"

"ಬಸ್ಸಲ್ಲಿ ನೀವೆಷ್ಟೇ ಅವಸರ ಮಾಡಿದ್ರೂ ಡ್ರೈವರಿಗಿಂತ ಮುಂಚೆ ಊರು ಸೇರೋಕಾಗುತ್ತಾ ಸಾರ್? ಎಲ್ಲರೂ ಒಟ್ಟಿಗೇ ಹೋಗೋದು. ಯಾರೂ ಕಾಯೋದೂ ಬೇಡ, ಕಾಯಿಸೋದೂ ಬೇಡ."

ಬೇಕರಿಯವರು ಮುಂದೆ ಹೋದರು, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಮೆರವಣಿಗೆ ಹೊರಟವರ ಗತ್ತಿನಲ್ಲಿ. ಔಷಧಿ ಅಂಗಡಿಯವರು ಗೊಣಗುತ್ತಲೇ ಅವರ ಹಿಂದೆ ಕಾಲೆಳೆದರು. ಬೇರೆ ಕೆಲಸವಿಲ್ಲದೆ ಅತ್ತಿತ್ತ ನೋಡುತ್ತ ಹೋದವರಿಗೆ ಇಟ್ಟಿಗೆ ಗೂಡಿನ ಗೋಡೆಯ ತೂತಿನಲ್ಲಿ ಹಕ್ಕಿ ಗೂಡು ಕಟ್ಟಿದ್ದು ಕಾಣಿಸಿತು. ಇದು ಯಾವಾಗಿಂದ ಇಲ್ಲಿದೆ ಎಂದು ಕೇಳಿದರು. ಪ್ರತಿ ವರ್ಷ ಇರುತ್ತದೆ ಎಂದರು ಬೇಕರಿಯವರು.

ಈಗ ಉಳಿದದ್ದು ಮನೆಯ ಕೆಲಸ. ಕಂಡಕ್ಟರು ಹೋಗಿ ಮಿಷನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು.

"ಗಾಡಿ ಗುಡ್ಡಕ್ಕೆ ಹೊರಟಿದೆ. ಡ್ರೈವರ್ ಇಲ್ಲ. ಬರ್ತೀಯಾ?"

"ಬೇಕರಿಯವರಿದ್ದಾರಲ್ಲ?"

"ಅವರ ಓಟ ಜಾಸ್ತಿ ಆಗಿದೆ. ಮುಂದೆ ಬಿಟ್ಟ ಮೇಲೆ ಮೈ ಕರಗಿಸಿಕೊಂಡುಬಿಟ್ಟರು."

ಟೈಲರಮ್ಮ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಅಂಗಿಯ ಒಂದು ಬದಿಯ ಹೊಲಿಗೆ ಪೂರ್ತಿ ಮುಗಿಯಿತು. ಈ ಸಲವೂ ಬೇಡ ಎಂದರೆ ಇನ್ನೆಂದೂ ಕೇಳುವ ಮುಖ ತಮಗಿಲ್ಲ ಎಂದು ಕಂಡಕ್ಟರಿಗೆ ಗೊತ್ತಿತ್ತು.

"ಇಷ್ಟು ವರ್ಷ ಮನೇಲಿ ಪೆಡಲ್ ತುಳಿದಿದ್ದು ನಾನು. ನಿಮ್ಮದು ಬರೀ ಸೀಟಿ" ಎಂದರು ಟೈಲರಮ್ಮ ಕೊನೆಗೆ, ದಾರ ಕಚ್ಚಿ ತುಂಡು ಮಾಡುತ್ತ. "ಬರ್ತೀನಿ. ಆದ್ರೆ ಹುಷಾರು ಅಕ್ಕಾ ಅಂತ ಯಾರೂ ಅನ್ನಬಾರ್ದು. ಕೈ ಹಿಡಿಯೋಕೂ ಬರಬಾರ್ದು. ಬಿದ್ರೆ ನಾನೇ ಏಳ್ತೀನಿ."

ಆ ಭಾನುವಾರ ಬೆಳಿಗ್ಗೆ ಕಂಡಕ್ಟರು ತಯಾರಾಗಿ ಬಾಗಿಲಲ್ಲಿ ನಿಂತರೂ ಹೆಂಡತಿಯ ಪತ್ತೆಯಿರಲಿಲ್ಲ. ತಾರಸಿಗೆ ಹೋಗಿದ್ದರಂತೆ. ಮನಸ್ಸು ಬದಲಾಯಿಸಿಬಿಟ್ಟಳೇನೋ ಎಂದು ಅವರು ಬೆವೆತುಹೋದರು. ಆಕೆ ಇಳಿದು ಬಂದು, ಬಟ್ಟೆ ಒಣಹಾಕೋದಿತ್ತು ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಗುಡ್ಡದ ಬುಡದಲ್ಲಿ ಟೈಲರಮ್ಮ ಮುಂದೆ, ಕಂಡಕ್ಟರು ಹಿಂದೆ, ಉಳಿದವರೆಲ್ಲ ನಡುವೆ. ಎರಡು ಸೀಟಿ ಬಿತ್ತು. ಒಂದು ಉದ್ದ ಹೆಜ್ಜೆ, ಒಂದು ಗಿಡ್ಡ ಹೆಜ್ಜೆ, ಹಾಗೇ ಸಾಲು ಮೇಲೇರತೊಡಗಿತು. ಹಿಂದಿನಿಂದ ಕಂಡಕ್ಟರಿಗೆ ಹೆಂಡತಿ ಕಾಣುತ್ತಲೇ ಇರಲಿಲ್ಲ. ಆಗಾಗ "ಹೇಗಿದ್ದಾರಂತೆ?" ಎಂದು ಮುಂದಿನವರನ್ನು ಕೇಳುವರು. ಪ್ರಶ್ನೆ ಬಾಯಿಂದ ಬಾಯಿಗೆ ಮೇಲೆ ಹೋಗಿ, ಉತ್ತರ ಕೆಳಗೆ ಬರುವುದು. "ಸುಮ್ಮನೆ ನಡೀಬೇಕಂತೆ."

ಅರ್ಧ ದಾರಿಯಲ್ಲಿ ಔಷಧಿ ಅಂಗಡಿಯವರ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತು. ಕಂಡಕ್ಟರು ಸೀಟಿಗೆ ಕೈ ಹಾಕಿದರು, ಬೇಡ ಬೇಡ ಎಂದು ಔಷಧಿ ಅಂಗಡಿಯವರು ಕೈ ಹಿಡಿದುಕೊಂಡರು. ಇಬ್ಬರೂ ಕರವಸ್ತ್ರಗಳನ್ನು ಗಂಟು ಹಾಕಿ ಬೂಟಿಗೆ ಕಟ್ಟಿದರು. ಅದು ಮತ್ತೆ ಮತ್ತೆ ಬಿಚ್ಚಿತು. ಸಾಲು ಕಣ್ಮರೆಯಾಯಿತು. ಗುಂಪಿಗೆಲ್ಲ ಚುರುಕಿನ ಮನುಷ್ಯ ಈಗ ಒಂದು ಕಾಲೆಳೆದುಕೊಂಡು, ಕಟ್ಟಕಡೆಗೆ, ಕೆಂಪಗಾಗಿ ಹತ್ತುತ್ತಿದ್ದರು.

"ಈಗ ಎಲ್ಲ ನಿಂತು ನೋಡ್ತಿರ್ತಾರೆ ಅಲ್ವಾ?" ಎಂದರು ಅವರು, ಸಣ್ಣ ದನಿಯಲ್ಲಿ.

ಕೊನೆಯ ತಿರುವು ಬಂತು. ಇಬ್ಬರೂ ತಲೆ ಎತ್ತಿದರು.

ಮೇಲೆ ಗುಂಪು ಸಾಲಾಗಿ ನಿಂತಿತ್ತು. ಕಂಡದ್ದು ಬರೀ ಬೆನ್ನುಗಳು. ಬೇಕರಿಯವರ ಅಗಲ ಬೆನ್ನು, ಉಳಿದವರ ಬೆನ್ನು, ನಟ್ಟನಡುವೆ ಸ್ವಲ್ಪ ಒಂದು ಕಡೆಗೆ ವಾಲಿದ ಟೈಲರಮ್ಮನ ಬೆನ್ನು. ಒಬ್ಬರೂ ತಿರುಗಲಿಲ್ಲ. ಬೇಕರಿಯವರ ಕತ್ತು ಇಷ್ಟೇ ಇಷ್ಟು ಹೊರಳಿತು. "ಆ ಕಡೆ ನೋಡಿ ಅಂದೆ" ಎಂದು ಟೈಲರಮ್ಮ ಗದರಿದ್ದು ಕೇಳಿಸಿತು. ಔಷಧಿ ಅಂಗಡಿಯವರು ಯಾರ ಕಣ್ಣಿಗೂ ಬೀಳದೆ ಸಾಲಿನ ತುದಿ ಸೇರಿಕೊಂಡು, ಮೊದಲಿನಿಂದ ಅಲ್ಲೇ ಇದ್ದವರ ಹಾಗೆ ಕೈ ಕಟ್ಟಿ ನಿಂತರು.

ಹೆಂಡತಿಯ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿತ್ತು. ಕಂಡಕ್ಟರು ಹೋಗಿ ನಿಂತರು. ಕೆಳಗೆ ನಗರ ಬಿಸಿಲಲ್ಲಿ ಹರಡಿಕೊಂಡು ಬಿದ್ದಿತ್ತು.

"ಅಗೋ ನೋಡು, ನಮ್ಮ ಮನೆ" ಎಂದು ಬೆರಳು ತೋರಿಸಿದರು.

"ಅದು ಹಿಂದಿನ ಬೀದಿ ಕಣ್ರೀ. ಈ ಕಡೆ ನೋಡಿ. ಕೆಂಪು ಬಟ್ಟೆ ಹಾರಾಡ್ತಿದೆಯಲ್ಲ, ಅದು ನಮ್ಮದು. ಗುರುತಿಗಿರಲಿ ಅಂತ ಬೆಳಿಗ್ಗೆ ತಾರಸೀಲಿ ನಾನೇ ಕಟ್ಟಿ ಬಂದೆ."

ನಿಜ, ಟ್ಯಾಂಕುಗಳ ನಡುವೆ ಒಂದು ಕೆಂಪು ಚೂರು ಅಲುಗಾಡುತ್ತಿತ್ತು. ಕಂಡಕ್ಟರು ಅದನ್ನೂ ನೋಡಿದರು, ಹೆಂಡತಿಯ ಮುಖವನ್ನೂ ನೋಡಿದರು. ನೀನು ಎಷ್ಟು ವರ್ಷದಿಂದ ಈ ಆಸೆ ಇಟ್ಟುಕೊಂಡಿದ್ದೆ ಎಂದು ಕೇಳಬೇಕೆನಿಸಿತು. ಬಿಸಿಲು ಏರತೊಡಗಿತ್ತು, ಜನ ಚೀಲ ಹೆಗಲಿಗೇರಿಸುತ್ತಿದ್ದರು. ಅವರು ಸೀಟಿಯನ್ನು ತುಟಿಗಿಟ್ಟುಕೊಂಡು, ಹೊರಡೋಣವೇ ಎಂಬಂತೆ ಡ್ರೈವರ ಕಡೆ ನೋಡಿದರು.

ಟೈಲರಮ್ಮ ಆ ಕೆಂಪು ಚೂರಿನಿಂದ ಕಣ್ಣು ಕೀಳಲಿಲ್ಲ.

"ಹೋಲ್ಡಾನ್" ಎಂದರು.