ಬಿಂದು ಕಟ್ಟಿದ ಮೊದಲ ಉಂಡೆ

ಮೊನ್ನೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ತಳ್ಳುಗಾಡಿಯವನು ಬಿಸಿ ಮರಳಿನಲ್ಲಿ ಕಡಲೆಕಾಯಿ ಹುರಿಯುತ್ತಿದ್ದ. ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನಾನು ಮಾತ್ರ ಎಷ್ಟೋ ವರ್ಷ ಆ ವಾಸನೆ ಬಂದರೆ ದೂರ ಸರಿದು ನಿಲ್ಲುತ್ತಿದ್ದೆ. ಬಸ್ಸು ತಡವಾಗಿತ್ತು, ಅದೆಲ್ಲ ನೆನಪಿಗೆ ಬಂತು; ಯಾಕೆಂದು ಹೇಳುತ್ತೇನೆ.

ನನ್ನೂರು ಶಿರಾ ಕಡೆಯ ತಾವರೆಕೆರೆ. ಅಲ್ಲಿ ಮಕ್ಕಳು ಜೇಬಿನಲ್ಲಿ ಕಡಲೆಕಾಯಿ ಇಟ್ಟುಕೊಂಡೇ ಹುಟ್ಟುತ್ತಾರೆ; ನಾನೂ ಹಾಗೇ ಬೆಳೆದವನು. ಆದರೆ ನನ್ನ ಮಗಳು ಬಿಂದು ಎರಡು ವರ್ಷದವಳಿದ್ದಾಗ, ಪಾವಗಡ ಕಡೆಯ ಕ್ಯಾತಗಾನಚೆರ್ಲಿನಲ್ಲಿ ಅವಳ ಅಮ್ಮನ ತವರಾದ ಅಜ್ಜಿ ಮನೆಯಲ್ಲಿ, ಅಂಗಳದಲ್ಲಿ ಒಣಹಾಕಿದ್ದ ಬೀಜವೊಂದನ್ನು ಬಾಯಿಗೆ ಹಾಕಿಕೊಂಡಳು. ಅದು ಗಂಟಲಲ್ಲಿ ಸಿಕ್ಕಿತು. ಅಳಲೂ ಆಗದೆ ಮಗುವಿನ ತುಟಿ ನೀಲಿಗಟ್ಟಿತು. ನನ್ನ ಹೆಂಡತಿ ಅನಸೂಯ ಅವಳನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಬೀಜ ಹೊರಬಿತ್ತು, ಮಗು ಕಿರುಚಿತು. ನಾನು? ಕಾಫಿ ಲೋಟ ಹಿಡಿದು ನಿಂತೇ ಇದ್ದೆ.

ಅನಸೂಯ ಆ ದಿನದ ಭಯವನ್ನು ಅಲ್ಲೇ ಬಿಟ್ಟು ಬಂದಳು. ನಾನು ಮನೆಗೆ ಹೊತ್ತು ತಂದೆ. ಅಂದಿನಿಂದ ನಮ್ಮಲ್ಲಿ ಕಡಲೆಕಾಯಿ ನಿಷಿದ್ಧ. ಮೆಲ್ಲಗೆ ಕ್ಯಾರೆಟ್, ಸೀಬೆಕಾಯಿ, ಚಕ್ಕುಲಿಯೂ ಆ ಸಾಲಿಗೆ ಸೇರಿದವು. ಬಿಂದುವಿಗೆ ಹಾಲಲ್ಲಿ ನೆನೆಸಿದ ಬಿಸ್ಕತ್ತೇ ಗತಿ. ನಾಲ್ಕು ತುಂಬಿದರೂ ಅವಳು ಅಗಿಯುವುದನ್ನು ಕಲಿಯಲಿಲ್ಲ. ಗಟ್ಟಿಯಾದುದನ್ನು ಬಾಯಿಗಿಟ್ಟರೆ ಉಗಿದುಬಿಡುತ್ತಿದ್ದಳು. ಕೆನ್ನೆ ಬಿಳಿಚಿಕೊಂಡಿತ್ತು. "ಇಂಗೇ ಆದ್ರೆ ರಕ್ತ ಎಲ್ಲಿಂದ ಬರ್ಬೇಕು?" ಎಂದು ಡಾಕ್ಟರು ನನ್ನನ್ನೇ ಕೇಳಿದರು.

ಆ ವರ್ಷ ಶಿಶುವಿಹಾರದ ಮೇಡಂ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಶನಿವಾರ ಪಾಕೀಟಿನ ತಿಂಡಿ ಬೇಡ. ಏನು ಮಾಡೋಣ ಅಂತ ಮಗೂನೇ ಕೇಳಿ, ಅದ್ರ ಕೈಲೂ ಕೆಲ್ಸ ಮಾಡ್ಸಿ. ತಾನೇ ಮಾಡಿದ್ದನ್ನ ತಿಂದು ನೋಡೋ ಆಸೆ ಯಾವ ಮಗೂಗಿಲ್ಲ ಹೇಳಿ?"

ಮನೆಗೆ ಬಂದು ಕೇಳಿದೆ, "ಏನ್ ಮಾಡಣ ಪುಟ್ಟಿ?"

"ಉಂಡೆ. ಕಡ್ಲೆಕಾಯಿದು. ಅಜ್ಜಿ ಮಾಡ್ತಾಳಲ್ಲ, ಅದು."

"ರಾಗಿ ಉಂಡೆ ಮಾಡಣ ಕಣಮ್ಮ, ರಾಗಿ ಒಳ್ಳೇದು," ಎಂದೆ.

ಸಿಟ್ಟು ಬಂದರೆ ಅನಸೂಯಳ ಬಾಯಲ್ಲಿ ತವರಿನ ತೆಲುಗು ನುಗ್ಗುತ್ತದೆ. "ಏಂ ಕಾದು! ಏನೂ ಆಗಾಕಿಲ್ಲ. ನುಣ್ಣಗೆ ಪುಡಿ ಮಾಡಿದ್ಮೇಲೆ ಹೆಂಗ್ರೀ ಗಂಟಲಿಗೆ ಸಿಕ್ಕಾಕ್ಕಂತದೆ? ಎರಡೂ ಸೇರ್ಸಿ ಮಾಡಣ, ಸುಮ್ಕಿದ್ದುಬುಡಿ."

ಶುಕ್ರವಾರ ಸಂಜೆ ಅವಳು ಬೀಜ ಹುರಿದಳು. ಆರಿದ ಮೇಲೆ ಬಿಂದು ಅಂಗೈಯಲ್ಲಿ ಉಜ್ಜಿ ಉಫ್ ಎಂದು ಊದಿದಳು. ಸಿಪ್ಪೆಯೆಲ್ಲ ನನ್ನ ತಲೆಯ ಮೇಲೆ. ನಾನು ಅವಳ ಕೈಯಿಂದ ಕಣ್ಣು ಕೀಳಲಿಲ್ಲ. ಇಬ್ಬರೂ ಸೇರಿ ಕುಟ್ಟಾಣಿಯಲ್ಲಿ ಕುಟ್ಟಿದೆವು. ಪುಡಿಯನ್ನು ನಾನು ಜರಡಿ ಹಿಡಿದೆ, ಮತ್ತೆ ಹಿಡಿದೆ. "ಮಕಕ್ಕೆ ಹಚ್ಕಳೋ ಪೌಡ್ರಾ ಅದು?" ಎಂದಳು ಅನಸೂಯ. ಹುರಿದ ರಾಗಿ ಹಿಟ್ಟು, ಬೆಲ್ಲ, ಒಂದಿಷ್ಟು ತುಪ್ಪ ಬಿದ್ದ ಮೇಲೆ ಬಿಂದು ಉಂಡೆ ಕಟ್ಟಿದಳು. ಉಂಡೆಯ ಆಕಾರವೇನೂ ಅದಕ್ಕಿರಲಿಲ್ಲ.

ಮೊದಲನೆಯದನ್ನು ನನ್ನ ಬಾಯಿಗೇ ತುರುಕಿದಳು. ಪುಡಿ ನೆತ್ತಿಗೇರಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಬಿಂದು ಹಿಂದೆ ಬಂದು ಪುಟ್ಟ ಮುಷ್ಟಿಯಲ್ಲಿ ನನ್ನ ಬೆನ್ನಿಗೆ ದಬದಬ ಗುದ್ದಿದಳು. "ಅಗ್ದು ತಿನ್ನಪ್ಪ! ನೋಡು, ಇಂಗೆ!" ಎಂದು ಇನ್ನೊಂದು ಉಂಡೆಯನ್ನು ತಾನು ಕಚ್ಚಿದಳು. ದವಡೆಯನ್ನು ದೊಡ್ಡದಾಗಿ ಆಡಿಸಿ ಅಗಿದಳು, ನುಂಗಿದಳು, ಖಾಲಿ ಬಾಯಿ ತೆರೆದು ತೋರಿಸಿದಳು.

ಅನಸೂಯ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳೂ ಆ ಭಯವನ್ನು ಅಜ್ಜಿಯ ಅಂಗಳದಲ್ಲಿ ಬಿಟ್ಟು ಬಂದಿರಲಿಲ್ಲ ಎಂದು ನನಗೆ ತಿಳಿದದ್ದು ಆಗ.

ಆಮೇಲಿನ ಶನಿವಾರಗಳಿಗೆ ಹೆಸರುಕಾಳಿನ ಕೋಸಂಬರಿ ಬಂತು, ಹೆಚ್ಚಿದ ಸೀಬೆಕಾಯಿ ಬಂತು, ಕೆನ್ನೆಗೂ ನಿಧಾನವಾಗಿ ಬಣ್ಣ ಬಂತು.

ಇಷ್ಟೆಲ್ಲ ನೆನೆಯುತ್ತ ನಿಂತಿದ್ದಾಗ ಫೋನು ಬಂತು. ಬಿಂದು, ಈಗ ಹೈಸ್ಕೂಲು. "ಎಲ್ಲಿದ್ದೀಯಪ್ಪ?" ಮಾತು ತೊದಲಿತು.

"ಬಾಯಲ್ಲೇನೇ?"

"ಸೌತೆಕಾಯಿ. ಉಪ್ಪು ಖಾರ ಹಚ್ಕೊಂಡಿದೀನಿ."

ಮೊದಲಾಗಿದ್ದರೆ, ಮಾತಾಡಬೇಡ, ನುಂಗು ಎಂದು ಕೂಗುತ್ತಿದ್ದೆ. ಮೊನ್ನೆ ಹಾಗನ್ನಿಸಲೇ ಇಲ್ಲ. ಫೋನನ್ನು ಕಿವಿಗೊತ್ತಿಕೊಂಡು, ಅವಳು ಕರಕರ ಅಗಿಯುವ ಸದ್ದು ಕೇಳುತ್ತ ನಿಂತೆ.