ಎಂಟು ಗಾಲಿಯ ವರ

ನಮ್ಮ ಅಡಿಗೆಮನೆಯ ಕಟ್ಟೆಯ ಕೆಳಗೆ ಗ್ಯಾಸ್ ಸಿಲಿಂಡರು ಒಂದು ಕಬ್ಬಿಣದ ಹಲಗೆಯ ಮೇಲೆ ವಿರಾಜಮಾನವಾಗಿದೆ. ಆ ಹಲಗೆಗೆ ನಾಲ್ಕು ಗಾಲಿಗಳು. ನಾಲ್ಕರಲ್ಲಿ ಮೂರು ಮೌನವ್ರತ ಹಿಡಿದಿವೆ, ನಾಲ್ಕನೆಯದು ಮಾತ್ರ ಎಳೆದಾಗೊಮ್ಮೆ ತಳ್ಳಿದಾಗೊಮ್ಮೆ ಕೀಂಯ್ ಎಂದು ಕೂಗಿ ತನ್ನ ಅಸ್ತಿತ್ವವನ್ನು ಸಾರುತ್ತದೆ. ಅದಕ್ಕಿಷ್ಟು ಎಣ್ಣೆ ಹಾಕಿರೆಂದು ಮನೆಯಾಕೆ ಹೇಳಿ ಒಂದು ವಾರವಾಯಿತು. ಎಣ್ಣೆ ಹಾಕುವುದು ಎರಡು ನಿಮಿಷದ ಕೆಲಸವೆಂದು ನೀವು ಹೇಳಬಹುದು. ನಿಜ, ಆದರೆ ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಕುಸುಬಿ ಎಣ್ಣೆ ಜಿಗುಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಇಷ್ಟು ಭಾರ ಹೊರುವ ಗಾಲಿಗೆ ತೀರ ತೆಳುವಾದೀತೆಂಬ ಸಂಶಯ. ನಾನು ಹೀಗೆ ತೈಲಗಳ ಗುಣಾವಗುಣಗಳನ್ನು ತೂಗುತ್ತ ಕುಳಿತಿರುವಾಗ ಆಕೆ ಕಾಲಿನಿಂದಲೇ ಸಿಲಿಂಡರನ್ನು ಎಳೆದು, ಕಾಲಿನಿಂದಲೇ ಒಳಗೆ ತಳ್ಳಿ, ಎರಡು ಸಲ ಕೀಂಯ್ ಅನಿಸಿ ತನ್ನ ಅಭಿಪ್ರಾಯವನ್ನು ತಿಳಿಸುತ್ತಾಳೆ. ಈ ಗಾಲಿಗಳು ಅಂಗಡಿಯಿಂದ ತಂದವಲ್ಲ. ನಲವತ್ತು ವರ್ಷಗಳ ಹಿಂದೆ ಇವು ನನ್ನ ಕಾಲಿನಲ್ಲಿದ್ದವು.

ಆರಿಸುವುದು ನನ್ನ ಜನ್ಮಜಾತ ವ್ಯಾಧಿ. ಸಂತೆಯಲ್ಲಿ ಕಾಲು ಕಿಲೋ ಬದನೆಕಾಯಿ ಕೊಳ್ಳಬೇಕಾದರೆ ಬುಟ್ಟಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಎತ್ತಿ, ತೊಟ್ಟು ನೋಡಿ, ಹೊಟ್ಟೆ ಒತ್ತಿ, ಬಿಸಿಲಿಗೆ ಹಿಡಿದು ಪರೀಕ್ಷಿಸುತ್ತಿದ್ದೆ. ಮಾರುವಾಕೆ ಕಡೆಗೆ ಬುಟ್ಟಿಯನ್ನೇ ನನ್ನತ್ತ ಸರಿಸಿ ಚಹಾ ಕುಡಿಯಲು ಎದ್ದು ಹೋಗುತ್ತಿದ್ದಳು. ಕನ್ನಡದಲ್ಲಿ ಆರಿಸುವುದೆಂಬ ಶಬ್ದಕ್ಕೆ ಆಯ್ದುಕೊಳ್ಳುವುದು ಎಂಬುದೊಂದು ಅರ್ಥ, ದೀಪ ನಂದಿಸುವುದು ಎಂಬುದೊಂದು ಅರ್ಥ. ನಾನು ಮೊದಲನೆಯದನ್ನು ಮಾಡಲು ಹೋದಲ್ಲೆಲ್ಲ ಎರಡನೆಯದು ತಾನಾಗಿಯೇ ಆಗಿಬಿಡುತ್ತಿತ್ತು. ಇಪ್ಪತ್ತೆಂಟರ ವಯಸ್ಸಿಗೆ ನಾನು ಐದು ಕನ್ಯೆಯರನ್ನು ಬೇಡವೆಂದಿದ್ದೆ. ಒಬ್ಬಾಕೆ ನಗುವುದರಲ್ಲಿ ತುಸು ತಡ ಮಾಡಿದಳು. ಇನ್ನೊಬ್ಬಾಕೆಯ ಅಣ್ಣ ಮಾತುಮಾತಿಗೆ ತಲೆ ಬಾಚಿಕೊಳ್ಳುತ್ತಿದ್ದ. ಮತ್ತೊಬ್ಬರ ಮನೆಯ ಚಹಾದಲ್ಲಿ ಯಾಲಕ್ಕಿ ಅತಿಯಾಗಿತ್ತು. ಉಳಿದೆರಡು ಕಾರಣಗಳನ್ನು ಹೇಳಲು ಈಗ ನನಗೇ ನಾಚಿಕೆ. ನಮ್ಮವ್ವ ಕನ್ಯೆಯ ಮಾತೆತ್ತುವುದನ್ನೇ ಬಿಟ್ಟು, ದೇವರ ಮುಂದೆ ವಿಭೂತಿ ಹಚ್ಚಿಕೊಳ್ಳುವಾಗ ಮಾತ್ರ ಜೋರಾಗಿ ನಿಟ್ಟುಸಿರು ಬಿಡುತ್ತಿದ್ದಳು.

ಆಗ ನಾನು ಅಣ್ಣಿಗೇರಿಯ ಒಂದು ಹತ್ತಿ ಸೊಸೈಟಿಯಲ್ಲಿ ಕಾರಕೂನ. ಬೇಸಿಗೆಗೆ ಹತ್ತಿ ಎಲ್ಲ ಸಾಗಿಹೋಗಿ ಗೋದಾಮು ಖಾಲಿಯಾಗುತ್ತಿತ್ತು, ಕೀಲಿಕೈ ನನ್ನ ಸೊಂಟದಲ್ಲಿರುತ್ತಿತ್ತು. ನಮ್ಮದು ಎರಿ ಮಣ್ಣಿನ ಸೀಮೆ. ಮಳೆಗಾಲದಲ್ಲಿ ನೆಲ ನಿಮ್ಮ ಚಪ್ಪಲಿಯನ್ನು ಕಸಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಪಾದವನ್ನೇ ಕೇಳುತ್ತದೆ. ಇಂಥ ನೆಲದಲ್ಲಿ ಹುಟ್ಟಿ ಬೆಳೆದವನಿಗೆ ಅಗದಿ ಸಪಾಟಾದ, ವಿಶಾಲವಾದ, ತಣ್ಣನೆಯ ಸಿಮೆಂಟಿನ ನೆಲ ಕಂಡರೆ ಅದರ ಮೇಲೆ ಏನಾದರೂ ಮಾಡಬೇಕೆನಿಸುವುದು ಸಹಜ. ಹುಬ್ಬಳ್ಳಿಯ ಆಟದ ಸಾಮಾನಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ನಾನೊಂದು ಜೊತೆ ಗಾಲಿ ಬೂಟು ನೋಡಿದ್ದೆ. ಅಂಗಡಿಯವ ನನ್ನ ಪಾದದತ್ತ ಒಮ್ಮೆ ದೃಷ್ಟಿ ಹಾಯಿಸಿ, ಇವು ಸಣ್ಣ ಮಕ್ಕಳವು, ನಿಮ್ಮ ಅಳತೆಯದು ಮುಂಬಯಿಯಿಂದ ಬರಬೇಕು, ಯಾವಾಗ ಬಂದಾವೆಂದು ಹೇಳಲಾಗದು ಎಂದ. ಸರಿ, ಬಿಡಿಭಾಗಗಳನ್ನು ನಾನೇ ಆರಿಸಿ ಕಟ್ಟಿಸುತ್ತೇನೆಂದು ನಿಶ್ಚಯಿಸಿದೆ. ನೋಡಿ, ಒಂದು ವಸ್ತುವನ್ನು ಆರಿಸುವಲ್ಲಿ ಇಪ್ಪತ್ತು ವಸ್ತುಗಳನ್ನು ಆರಿಸುವ ಅವಕಾಶ! ಆ ದಿನ ನನಗಾದ ಆನಂದ ಅವರ್ಣನೀಯ.

ಕಟ್ಟುವವರು ಖಾದರಸಾಬರು. ಊರಿನ ಪಂಪಸೆಟ್ಟುಗಳನ್ನೆಲ್ಲ ದುರಸ್ತಿ ಮಾಡುತ್ತಿದ್ದ ಅವರ ತಗಡಿನ ಶೆಡ್ಡಿನಲ್ಲಿ ಒಂದು ಲೇಥು, ಒಂದು ವೆಲ್ಡಿಂಗ್ ಯಂತ್ರ ಮತ್ತು ಕೂರಲು ಮುರಿದ ಮೋಟರಿನದೊಂದು ಕವಚ ಇದ್ದವು. ನಾನು ಚಿತ್ರ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಅದನ್ನು ನೋಡಿ, ಒಂದು ಕಾಲಿಗೆ ಎಷ್ಟು ಗಾಲಿ ಎಂದು ಕೇಳಿದರು. ನಾಲ್ಕೆಂದೆ. ಹಾಗಾದರೆ ಎತ್ತಿನ ಗಾಡಿಗಿಂತ ನೀವೇ ಮೇಲು ಎಂದು ತಣ್ಣಗೆ ನುಡಿದು ಕೆಲಸಕ್ಕೆ ಒಪ್ಪಿಕೊಂಡರು.

ಮೊದಲು ಗಾಲಿಯ ಪ್ರಶ್ನೆ. ಕಬ್ಬಿಣದ್ದಾದರೆ ಸದ್ದು ಹೆಚ್ಚು, ನೆಲ ಕೆಡುತ್ತದೆ. ಜಾಲಿ ಮರದ್ದಾದರೆ ತಿಂಗಳೊಳಗೆ ಸವೆದು ಬದನೆಕಾಯಿಯ ಆಕಾರ ತಾಳುತ್ತದೆ. ಹೀಗೆ ಹದಿನೈದು ದಿನ ಚರ್ಚಿಸಿ ನೈಲಾನಿನ ದುಂಡು ಕಡ್ಡಿ ತರಿಸಿ ಲೇಥಿನಲ್ಲಿ ಕಡೆಸಿದೆ. ಬೂಟು ಹುಬ್ಬಳ್ಳಿಯ ಹಳೇ ಬಜಾರಿನ ಮಿಲಿಟರಿ ಬೂಟು. ಹಿಂದಿನ ಯಜಮಾನ ಯಾವ ರಣರಂಗದಿಂದ ಓಡಿಬಂದಿದ್ದನೋ, ಹಿಮ್ಮಡಿ ಮಾತ್ರ ಹೊಸದರಂತಿತ್ತು. ಬೂಟಿಗೂ ಗಾಲಿಯ ಅಚ್ಚಿಗೂ ನಡುವೆ ಒಂದು ರಬ್ಬರಿನ ಬಿಲ್ಲೆ ಬೇಕು, ಮೈ ವಾಲಿದ ಕಡೆಗೆ ಗಾಲಿಗಳು ತಿರುಗಬೇಕಾದರೆ ಅದೇ ಆಧಾರ. ಮೊಪೆಡ್ಡಿನ ರಬ್ಬರು ಅತಿ ಮೃದು, ಲಾರಿಯ ರಬ್ಬರು ಅತಿ ಕಠಿಣ, ಮಧ್ಯಮಮಾರ್ಗದ ರಬ್ಬರು ಸಿಗುವ ಹೊತ್ತಿಗೆ ಒಂದು ತಿಂಗಳು. ಗಾಲಿಗೆ ಎರಡರಂತೆ ಹದಿನಾರು ಬೇರಿಂಗು. ಖಾದರಸಾಬರು ಒಂದೊಂದನ್ನೂ ಬೆರಳಿನ ಮೇಲೆ ತಿರುಗಿಸಿ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಆಲಿಸಿ, ಬೇಕು ಬೇಡವೆಂದು ಎರಡು ಗುಂಪು ಮಾಡಿದರು. ಹದಿನೈದನ್ನು ಅವರ ಕಿವಿ ಆರಿಸಿತು. ಹದಿನಾರನೆಯದನ್ನು ನಾನು, ಬೇಡದ ಗುಂಪಿನಿಂದ, ಅಗದಿ ಫಳಫಳ ಹೊಳೆಯುತ್ತದೆಂಬ ಕಾರಣಕ್ಕೆ ಹಟ ಹಿಡಿದು ಎತ್ತಿಕೊಂಡೆ. ಅವರು ಅದನ್ನೂ ಕೂಡಿಸಿದರು. ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳಿದರು.

“ಎಲ್ಲಾ ಆರಿಸಿದ್ರಿ ಕಾರಕೂನರ. ಬೀಳೂದು ಎಲ್ಲಿ ಅಂತ ಆರಿಸೀರೇನು?”

ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಬಿದ್ದೆ. ಬಹುತೇಕ ಎಲ್ಲ ಮೂಲೆಗಳಲ್ಲೂ ಬಿದ್ದೆ. ನೇರವಾಗಿ ಹೋಗುವುದು ಬಂತು, ತಿರುಗುವುದು ಬರಲಿಲ್ಲ, ನಿಲ್ಲುವುದಂತೂ ಸಾಧ್ಯವೇ ಇರಲಿಲ್ಲ. ಅದಕ್ಕೆ ಬೂಟಿನ ಮೂತಿಗೊಂದು ರಬ್ಬರಿನ ತುಂಡು ಬೇಕಿತ್ತು. ಇದೇ ಸಮಯಕ್ಕೆ ಕುಂದಗೋಳದಿಂದ ನನ್ನ ಸೋದರಮಾವ ಆರನೆಯ ಕನ್ಯೆಯ ಸುದ್ದಿ ಹೊತ್ತು ನಮ್ಮ ಮನೆಗೆ ಬಂದ. ಮಾವನ ಕೈಯಲ್ಲಿ ಬೆತ್ತದ ಕೋಲು, ಕೋಲಿನ ತುದಿಗೆ ಒಂದು ರಬ್ಬರಿನ ಟೊಪ್ಪಿಗೆ. ಮಧ್ಯಾಹ್ನ ಆತ ಉಂಡು ಮಲಗಿದಾಗ ನಾನು ಆ ಟೊಪ್ಪಿಗೆಯನ್ನು ನೋಡಿದೆ; ಹಲವು ವಾರಗಳ ಅನ್ವೇಷಣೆ ಅಲ್ಲಿಗೆ ಮುಕ್ತಾಯವಾಯಿತು. ಕೋಲು ಒಂದೇ ಆದ್ದರಿಂದ ಬಲಗಾಲಿಗೆ ಮಾತ್ರ ನಿಲ್ಲುವ ಭಾಗ್ಯ ಬಂತು.

ಮರುದಿನ ಕನ್ಯೆ ನೋಡಲು ಶಲವಡಿಗೆ ಹೋದೆವು. ಗೌಡರ ಮನೆಯ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಮಾವನ ಬೋಳು ಕೋಲು ಟಕ್ ಟಕ್ ಎಂದು ಮೊಳಗುತ್ತಿತ್ತು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ, ನಾನು ಮೇಲಿನ ಜಂತಿಗಳನ್ನು ಎಣಿಸುತ್ತಿದ್ದೆ. ಆಗ ಗೌಡರ ಮಗಳು ಗಿರಿಜಾ ಬಂದು ಎದುರಿಗೆ ಕುಳಿತಳು. ಏನು ಹೇಳಲಿ? ತೊಟ್ಟು ನೋಡಲಿಲ್ಲ, ಬಿಸಿಲಿಗೆ ಹಿಡಿಯಲಿಲ್ಲ. ಆಕೆ ನನ್ನ ಮಾವನ ಪ್ರಶ್ನೆಗಳಿಗೆ ತಲೆ ತಗ್ಗಿಸದೆ, ಬೇಕಾದಷ್ಟೇ ಉತ್ತರ ಕೊಡುತ್ತಿದ್ದ ರೀತಿ ನೋಡಿ ನನ್ನ ಆಯ್ಕೆಯ ಯಂತ್ರ ಅಲ್ಲೇ ಕೆಟ್ಟು ನಿಂತಿತು. ನನಗೆ ಆಕೆ ಬೇಕಾಗಿದ್ದಳು, ಅಷ್ಟೆ. ಅಷ್ಟರಲ್ಲಿ ಮಾವ, ಆಗಿನ ಕಾಲದ ಹಿರಿಯರೆಲ್ಲ ಕೇಳುತ್ತಿದ್ದಂತೆ, ಸ್ವಲ್ಪ ಅಡ್ಡಾಡಿ ತೋರಿಸವ್ವ ಎಂದ. ಹುಡುಗಿ ಕುಂಟಿಯಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಪದ್ಧತಿ ಅದು. ಆಕೆ ಎದ್ದು ಎದುರಿನ ಗೋಡೆಯ ದೀಪದ ಮಾಡದವರೆಗೆ ಹೋಗಿ, ತಿರುಗಿ ಬಂದಳು. ಬಂದು ಕೂರುವ ಮೊದಲು ನನ್ನ ಮುಖವನ್ನು ಒಂದು ಸಲ ನೇರವಾಗಿ ನೋಡಿದಳು. ನಾನು ಚಹಾದ ಬಸಿಯನ್ನು ನೋಡಿದೆ.

ನಾನು ಹೂಂ ಅಂದದ್ದನ್ನು ಅವ್ವ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಆದರೆ ವಾರದ ನಂತರ ಮಾವ ತಂದ ಉತ್ತರ ಬೇರೆ ಇತ್ತು: ಗೌಡರಿಗೆ ಸಂಬಂಧ ಬೇಡ, ಅವರ ಮಗಳಿಗೆ ಮನೆಯಲ್ಲಿ ನಿಲ್ಲುವ ಗಂಡ ಬೇಕು, ಊರೂರು ಅಲೆಯುವವನಲ್ಲ. ಅಲೆಯುವವನು ನಾನೇ? ಹುಬ್ಬಳ್ಳಿ ದಾಟಿ ಆಚೆ ಹೋದವನಲ್ಲ, ವರ್ಷಕ್ಕೊಂದು ದಿನ ರಜೆ ಪಡೆದರೆ ಹೆಚ್ಚು, ನಮ್ಮ ಓಣಿಯ ಮೈಲುಗಲ್ಲು ಕೂಡ ನನಗಿಂತ ಚಪಲ. ಅವ್ವ ನನ್ನ ಮಾತು ನಂಬಲಿಲ್ಲ. ಎಲ್ಲಿಗೆ ಹೋಗತಿ, ಯಾರ ಕಡೆ ಹೋಗತಿ ಎಂದು ವಿಚಾರಣೆ ಆರಂಭಿಸಿದಳು. ಐದು ಮನೆಗಳಿಗೆ ನಾನು ಬೇಡವೆಂದು ಹೇಳಿ ಕಳಿಸಿದ್ದೆನಲ್ಲ, ಆ ಮಾತು ಬಾಗಿಲಿಗೆ ಬಂದಾಗ ಹೇಗಿರುತ್ತದೆಂದು ನನಗೆ ತಿಳಿದದ್ದು ಆಗಲೇ. ಊಟ ಸೇರಲಿಲ್ಲ. ಗಾಲಿ ಬೂಟನ್ನು ಮುಟ್ಟಲಿಲ್ಲ.

ನಾನು ಬಾರದಿರುವುದನ್ನು ಕಂಡು ಖಾದರಸಾಬರೇ ಸೊಸೈಟಿಗೆ ಬಂದರು, ಮುಖದಲ್ಲಿ ಉಪಕಾರ ಮಾಡಿದವರ ಸಂತೋಷ. ಶಲವಡಿಯ ಗೌಡರು ಪಂಪಸೆಟ್ಟಿನ ದುರಸ್ತಿಗೆ ಬಂದವರು ನಿಮ್ಮ ವಿಚಾರ ಕೇಳಿದರು, ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ ಎಂದರು. ಏನು ಹೇಳಿದಿರಿ ಎಂದೆ.

“ಹುಡುಗ ಬಂಗಾರದಂಥಾಂವ ಅದಾನ್ರಿ ಗೌಡ್ರ, ಒಂದ ಅಂದ್ರ ಕಾಲಿಗೆ ಗಾಲಿ ಕಟಗೊಂಡಾನ ಅಂದ್ನಿ. ಗೌಡ್ರು ಹೌದಾ ಅಂದ್ರು. ಒಂದಲ್ಲ ಎರಡಲ್ಲರಿ, ಎಂಟು ಅಂದ್ನಿ.”

ಕಾಲಿಗೆ ಗಾಲಿ ಕಟ್ಟಿಕೊಂಡವನೆಂದರೆ ಮನೆಯಲ್ಲಿ ಕಾಲು ನಿಲ್ಲದೆ ತಿರುಗುವವನೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಸಾವಿರಾರು ಜನ ಅಲಂಕಾರಕ್ಕೆ ಆಡುವ ಮಾತನ್ನು ಅಕ್ಷರಶಃ ಸತ್ಯಮಾಡಿದ ಏಕೈಕ ಪುರುಷ ನಾನು. ಅದನ್ನು ಅಕ್ಷರಶಃ ಹೇಳಿದ ಏಕೈಕ ಸತ್ಯವಂತ ಖಾದರಸಾಬರು. ಗೌಡರದು ಏನು ತಪ್ಪು? ಎಂಟು ಗಾಲಿ ಎಂಬುದನ್ನು ಅವರು ತಿರುಗಾಟದ ಪ್ರಮಾಣವೆಂದು ತಿಳಿದರು. ವಿಷಯ ಅರ್ಥವಾದಾಗ ಖಾದರಸಾಬರ ಮುಖ ಸಣ್ಣದಾಯಿತು. ನಡೀರಿ, ಹೋಗೂಣು, ನಾನೇ ಬಿಡಿಸಿ ಹೇಳುತ್ತೇನೆ ಎಂದು ಎದ್ದರು.

ಹೀಗೆ ಮಾವನನ್ನೂ ಕರೆದುಕೊಂಡು ನಾವು ಮೂವರು ಗಾಲಿ ಬೂಟುಗಳನ್ನು ಕೈಚೀಲದಲ್ಲಿ ಸಾಕ್ಷಿಯಾಗಿ ಹಿಡಿದು ಶಲವಡಿಯ ಬಸ್ಸು ಹತ್ತಿದೆವು. ಅದೇ ಪಡಸಾಲೆ. ಖಾದರಸಾಬರು ಚೀಲ ಬಿಚ್ಚಿ ಬೂಟುಗಳನ್ನು ಫರಸಿಯ ಮೇಲಿಟ್ಟು, ಇವೇ ಆ ಎಂಟು ಗಾಲಿಗಳೆಂದು ಪರಿಚಯಿಸಿದರು. ಗೌಡರು ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಾಲಿಯನ್ನು ನೋಡಿದರು. ಅಲೆಮಾರಿಗೆ ಮಗಳನ್ನು ಕೊಡುವುದು ಲೇಸೋ ತಲೆಕೆಟ್ಟವನಿಗೆ ಕೊಡುವುದು ಲೇಸೋ ಎಂಬ ಹೊಸ ಚಿಂತೆ ಅವರ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಆಗ ಒಳಬಾಗಿಲಿನಿಂದ ಗಿರಿಜಾ ಮಾತಾಡಿದಳು.

“ಅವತ್ತು ನನ್ನ ಅಡ್ಡಾಡಿಸಿ ನೋಡಿದ್ರಿ. ಇವತ್ತು ನೀವು ಅಡ್ಡಾಡಿ ತೋರಸ್ರಿ.”

ನಾನು ಬೂಟಿನ ಲಾಡಿ ಕಟ್ಟಿಕೊಂಡೆ. ಎದ್ದು ನಿಂತೆ. ಎದುರಿಗೆ ಅದೇ ದೀಪದ ಮಾಡ, ಬರೀ ನಾಲ್ಕು ಹೆಜ್ಜೆಯ ದೂರ, ಸುತ್ತಲೂ ನನ್ನ ಕಾಲುಗಳನ್ನೇ ದಿಟ್ಟಿಸುತ್ತಿರುವ ಕಣ್ಣುಗಳು. ನಾಲ್ಕು ಹೆಜ್ಜೆ ಎಷ್ಟು ಉದ್ದವಿರುತ್ತದೆಂದು ನೀವು ಯಾವಾಗಲಾದರೂ ಅಳೆದಿದ್ದೀರಾ? ಹೋದೆ. ತಲೆಮಾರುಗಳ ಪಾದಗಳಿಗೆ ನುಣುಪಾದ ಆ ಫರಸಿ ನನ್ನನ್ನು ಬೇಕಾದುದಕ್ಕಿಂತ ಹೆಚ್ಚು ಆದರದಿಂದ ಸಾಗಿಸಿತು; ಬಲಗಾಲಿನ ಮೂತಿ ಊರಿದರೂ ನಿಲ್ಲಲಿಲ್ಲ; ಗೋಡೆಗೆ ಎದೆಯೊಡ್ಡಿ, ಅಲ್ಲಿಂದ ಹಿಂದಕ್ಕೆ ಸಿಡಿದು, ಎಂಟೂ ಗಾಲಿಗಳು ಜಂತಿಯ ಕಡೆ ತಿರುಗುವಂತೆ ಅಂಗಾತ ಬಿದ್ದೆ. ಗಾಲಿಗಳು ಇನ್ನೂ ಸುಂಯ್ ಎಂದು ತಿರುಗುತ್ತಿದ್ದವು. ಮಾವ ಮುಂದೆ ಬಾಗಿ ನನ್ನ ಬಲಗಾಲನ್ನೇ ನೋಡುತ್ತ, ಲೇ, ಇದು ನನ್ನ ಕೋಲಿನ ರಬ್ಬರಲ್ಲೇನು ಎಂದ.

ಅಲ್ಲೇ ಬೂಟು ಬಿಚ್ಚಿ ನಡೆದು ಬಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆಕೆಗೆ ಹೇಳಿದ್ದು ಹೋಗಿ ಬರಲು, ಆಕೆ ಹೋಗಿ ಬಂದಿದ್ದಳು. ನಾನು ಗೋಡೆ ಹಿಡಿದು ಎದ್ದೆ; ಗೋಡೆ ಹಿಡಿದುಕೊಂಡೇ, ಒಂದೊಂದೇ ಗೇಣು ಜರುಗುತ್ತ, ಸುತ್ತುಬಳಸಿ ತಿರುಗಿ ಬಂದೆ. ಬರುವಾಗ, ಅವತ್ತು ಚಹಾದ ಬಸಿಯನ್ನು ನೋಡುತ್ತ ಕುಳಿತಿದ್ದ ಆ ಕಾರಕೂನನ ಮೇಲೆ ನನಗೆ ಬಂದಷ್ಟು ಸಿಟ್ಟು ಮತ್ತಾರ ಮೇಲೂ ಬಂದದ್ದಿಲ್ಲ. ಒಳಬಾಗಿಲಿನ ಹತ್ತಿರ ಬಂದಾಗ, ಅವತ್ತು ನಿಮ್ಮನ್ನು ಅಡ್ಡಾಡಿಸುವುದು ಬೇಡವೆಂದು ನಾನು ಮಾವನಿಗೆ ಹೇಳಬೇಕಿತ್ತು, ತಪ್ಪಾಯಿತು ಎಂದೆ. ಆಕೆ ತಂದೆಯ ಕಡೆ ತಿರುಗಿದಳು.

“ಗಾಲಿ ಇದ್ರ ಇರ್ಲಿ ಬಿಡಪ್ಪಾ. ಹೋದ್ರೂ ತಿರುಗಿ ಬರ್ತಾರ.”

ಗೌಡರು ಮೀಸೆಯೊಳಗೇ ನಕ್ಕರು, ಖಾದರಸಾಬರು ಜೋರಾಗಿ ನಕ್ಕರು, ಮಾವ ತನ್ನ ರಬ್ಬರನ್ನು ಕಿತ್ತುಕೊಂಡ ಮೇಲೆ ನಕ್ಕ. ಮದುವೆಯಾದ ಮೇಲೆ ನಾಲ್ಕು ಗಾಲಿಗಳು ಖಾದರಸಾಬರ ಶೆಡ್ಡಿನ ಕಂಪ್ರೆಸರಿನ ಕೆಳಗೆ ಸೇರಿದವು, ನಾಲ್ಕು ನಮ್ಮ ಸಿಲಿಂಡರಿನ ಕೆಳಗೆ. ನಾನು ಆರನೆಯ ಸಲಕ್ಕೆ ಸರಿಯಾಗಿ ಆರಿಸಿದೆನೆಂದು ಬಹಳ ವರ್ಷ ನೆಂಟರಿಷ್ಟರಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಗಿರಿಜಾ ಅದನ್ನು ಒಮ್ಮೆಯೂ ಅಲ್ಲಗಳೆದಿಲ್ಲ. ನಾಲ್ಕನೆಯ ಗಾಲಿಯಲ್ಲಿರುವ ಬೇರಿಂಗನ್ನು ಯಾರು ಆರಿಸಿದ್ದೆಂದು ಮಾತ್ರ ಕೇಳುತ್ತಾಳೆ.

ಇವತ್ತು ಮುಂಜಾನೆ ಕಡೆಗೂ ನಿರ್ಧಾರಕ್ಕೆ ಬಂದೆ. ಹೊಲಿಗೆ ಯಂತ್ರದ ಎಣ್ಣೆಯ ಬುಡ್ಡಿ ಹಿಡಿದು ಅಡಿಗೆಮನೆಯ ನೆಲಕ್ಕೆ ಕುಳಿತು, ಕಟ್ಟೆಯ ಕೆಳಗೆ ತಲೆ ತೂರಿಸಿ, ಆ ಹೊಳೆಯುವ ಬೇರಿಂಗಿನ ಬಾಯಿಗೆ ನಾಲ್ಕು ಹನಿ ಬಿಟ್ಟೆ. ಹಲಗೆಯನ್ನು ಹಿಂದೆ ಮುಂದೆ ಸರಿಸಿದೆ, ಗಾಲಿ ಸುಮ್ಮನಾಗಿತ್ತು. ಏಳಲು ಹೋದರೆ ಕೂಗಿದ್ದು ನನ್ನ ಮೊಣಕಾಲು. ಒಂದು ಸಲ ಯತ್ನಿಸಿದೆ, ಎರಡು ಸಲ ಯತ್ನಿಸಿದೆ, ಕೂತಲ್ಲೇ ಕೂತೆ. ರೊಟ್ಟಿ ತಟ್ಟುತ್ತಿದ್ದ ಗಿರಿಜಾ ಈ ಕಡೆ ತಿರುಗಿಯೂ ನೋಡಲಿಲ್ಲ.

“ಗ್ವಾಡಿ ಹಿಡಕೊಂಡು ಬರ್ರಿ,” ಎಂದಳು. “ಹಾದಿ ಗೊತ್ತೈತಲ್ಲ ನಿಮಗ.”